ಗುರಿ ರೈಫಲಿಗೆ ಬ್ಯಾರೆಲ್ಲಿನ ಉದ್ದವನ್ನೂ ಟ್ವಿಸ್ಟನ್ನೂ ಆರಿಸುವ ಬಗೆ

ಪುಣೆಯ ಬಾಲೇವಾಡಿಯ ಶೂಟಿಂಗ್ ರೇಂಜಿಗೆ ಮಕ್ಕಳನ್ನು ಕರೆತರುವ ಕನ್ನಡದ ತಂದೆತಾಯಂದಿರು, ಮಗು 10 ಮೀಟರ್ ಏರ್ ರೈಫಲಿನಲ್ಲಿ ಎರಡು ಮೂರು ವರ್ಷ ಪಳಗಿದ ಮೇಲೆ, 50 ಮೀಟರಿನ ಪಾಯಿಂಟ್ 22 (ಅಂದರೆ ಸುಮಾರು 0.22 ಇಂಚು ವ್ಯಾಸದ ಗುಂಡಿನ) ರೈಫಲಿನ ವಿಚಾರ ಎತ್ತುವುದು ಸಹಜವಾಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ) ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದ ಮೇಲಂತೂ ಈ ವಿಚಾರ ಇನ್ನಷ್ಟು ಹೆಚ್ಚಾಗಿದೆ. ಅವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಬ್ಯಾರೆಲ್ ಎಷ್ಟು ಉದ್ದ ಇರಬೇಕು ಎಂಬುದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಗುಂಡನ್ನು ಎಷ್ಟು ದೂರಕ್ಕೆ ಹೊಡೆಯುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು, ಗುಂಡಿಗೆ ತಕ್ಕ ಟ್ವಿಸ್ಟ್, ಅಂದರೆ ಬ್ಯಾರೆಲ್ ಗುಂಡನ್ನು ತಿರುಗಿಸುವ ಪ್ರಮಾಣ, ಆಮೇಲೆ, ಹೊಡೆಯುವವರ ಮೈಕಟ್ಟಿಗೂ ಕಣ್ಣಿಗೂ ತಕ್ಕ ಉದ್ದ ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ತಿರುಗುಮುರುಗು ಮಾಡಿ ಹಣ ಕಳೆದುಕೊಂಡವರನ್ನು ನಾನು ಹಲವರನ್ನು ಕಂಡಿದ್ದೇನೆ. ಮೊದಲ ರೈಫಲ್ ಕೊಳ್ಳುವಾಗ ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಟ್ವಿಸ್ಟ್ ಎಂದರೇನು, ಎಷ್ಟು ಬೇಕು

ಬ್ಯಾರೆಲ್ಲಿನ ಒಳಮೈಯಲ್ಲಿ ಕೊರೆದಿರುವ ಸುರುಳಿ ಗೆರೆಗಳು ಗುಂಡನ್ನು ತಿರುಗಿಸುತ್ತಾ ಮುಂದಕ್ಕೆ ಕಳುಹಿಸುತ್ತವೆ. ಗುಂಡು ಒಂದು ಪೂರ್ತಿ ಸುತ್ತು ತಿರುಗಲು ಎಷ್ಟು ಇಂಚು ಮುಂದೆ ಸಾಗಬೇಕೋ ಅದೇ ಆ ಬ್ಯಾರೆಲ್ಲಿನ ಟ್ವಿಸ್ಟ್. 16 ಇಂಚಿಗೆ ಒಂದು ಸುತ್ತು ಎಂದರೆ ನಿಧಾನದ ಟ್ವಿಸ್ಟ್, 8 ಇಂಚಿಗೆ ಒಂದು ಸುತ್ತು ಎಂದರೆ ಚುರುಕಿನ ಟ್ವಿಸ್ಟ್. ಅಂಕಿ ಚಿಕ್ಕದಾದಷ್ಟೂ ತಿರುಗುವಿಕೆ ಜೋರು; ಹೊಸಬರು ಮೊದಮೊದಲು ಇದನ್ನು ತಿರುಗುಮುರುಗಾಗಿ ತಿಳಿಯುತ್ತಾರೆ. ಬುಗುರಿ ರಭಸವಾಗಿ ತಿರುಗುವವರೆಗೆ ನೆಟ್ಟಗೆ ನಿಂತು, ರಭಸ ಇಳಿದೊಡನೆ ತೂರಾಡುವ ಹಾಗೆ, ಸಾಕಷ್ಟು ಸುತ್ತು ಸಿಗದ ಗುಂಡು ಗಾಳಿಯಲ್ಲಿ ಮೂತಿ ಆಡಿಸುತ್ತಾ ಹೋಗುತ್ತದೆ. ಅಂಥ ಗುಂಡು ಕಾಗದದ ಗುರಿಯ ಮೇಲೆ ದುಂಡನೆಯ ತೂತಿನ ಬದಲು ಮೊಟ್ಟೆಯಾಕಾರದ ತೂತು ಮಾಡುತ್ತದೆ. ಹಳೆಯ ರೈಫಲನ್ನು ಪರೀಕ್ಷಿಸುವಾಗ ಎಲೆಕ್ಟ್ರಾನಿಕ್ ಗುರಿಯನ್ನು ಮಾತ್ರ ನಂಬದೆ ಒಂದೆರಡು ಕಾಗದದ ಗುರಿಗಳ ಮೇಲೂ ಹೊಡೆದು ನೋಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಎಷ್ಟು ಟ್ವಿಸ್ಟ್ ಬೇಕೆಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಗುಂಡಿನ ತೂಕವಲ್ಲ, ಅದರ ಉದ್ದ. ಭಾರದ ಗುಂಡು ಸಾಮಾನ್ಯವಾಗಿ ಉದ್ದವಾಗಿಯೂ ಇರುವುದರಿಂದ ಎಲ್ಲರೂ ತೂಕದ ಲೆಕ್ಕದಲ್ಲಿ ಮಾತನಾಡುತ್ತಾರೆ, ಅಷ್ಟೇ. ಇಂಗ್ಲೆಂಡಿನ ಗಣಿತಜ್ಞ ಆಲ್‌ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೈಲೆಕ್ಕಕ್ಕೆ ಸಾಕಾಗುತ್ತದೆ: ಗುಂಡಿನ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 150ರಿಂದ ಗುಣಿಸಿ, ಬಂದದ್ದನ್ನು ಗುಂಡಿನ ಉದ್ದದ ಇಂಚಿನಿಂದ ಭಾಗಿಸಿದರೆ ಬೇಕಾದ ಟ್ವಿಸ್ಟ್ ಇಂಚಿನಲ್ಲಿ ಸಿಗುತ್ತದೆ. 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಪಾಯಿಂಟ್ 22 ಸೀಸದ ಗುಂಡಿನ ವ್ಯಾಸ ಸುಮಾರು 0.223 ಇಂಚು, ಉದ್ದ ಸುಮಾರು 0.46 ಇಂಚು. ಲೆಕ್ಕ ಮಾಡಿದರೆ ಉತ್ತರ 16.2 ಬರುತ್ತದೆ. ಗುರಿ ರೈಫಲುಗಳ ಪಾಯಿಂಟ್ 22 ಬ್ಯಾರೆಲ್ಲುಗಳು ಬಹುಪಾಲು 16 ಇಂಚಿಗೆ ಒಂದು ಸುತ್ತಿನವೇ ಆಗಿರುವುದು ಹೀಗೆ. ಆದ್ದರಿಂದ 50 ಮೀಟರಿನ ಸ್ಪರ್ಧೆಗೆ ರೈಫಲ್ ಕೊಳ್ಳುವವರು ಟ್ವಿಸ್ಟಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ತಾವು ಕೊಳ್ಳುವ ಬ್ಯಾರೆಲ್ ನಿಜವಾಗಿಯೂ 16 ಇಂಚಿನ ಟ್ವಿಸ್ಟಿನದೇ ಎಂದು ಖಚಿತಪಡಿಸಿಕೊಂಡರೆ ಸಾಕು.

ಹೆಚ್ಚು ಸುತ್ತು ಕೊಟ್ಟರೆ ಹೆಚ್ಚು ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಯಾವ ಗುಂಡೂ ಪರಿಪೂರ್ಣವಾಗಿ ಸಮತೂಕದ್ದಲ್ಲ. ಅದರ ಭಾರದ ಕೇಂದ್ರ ಅಕ್ಷದಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಇದ್ದೇ ಇರುತ್ತದೆ. ಸುತ್ತು ಹೆಚ್ಚಿದಷ್ಟೂ, ಗುಂಡು ಬ್ಯಾರೆಲ್ಲಿನ ಬಾಯಿ ಬಿಡುವ ಕ್ಷಣದಲ್ಲಿ ಆ ದೋಷ ಅದನ್ನು ಪಕ್ಕಕ್ಕೆ ಎಸೆಯುವ ಬಲವೂ ಹೆಚ್ಚುತ್ತದೆ. ಸೀಸದ ಮೆತ್ತನೆಯ ಗುಂಡಿನಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಗುಂಡನ್ನು ನೆಟ್ಟಗೆ ಹಾರಿಸಲು ಸಾಕಾಗುವ ಸುತ್ತಿಗಿಂತ ಸ್ವಲ್ಪ ಮಾತ್ರ ಹೆಚ್ಚಿರುವುದೇ ಗುರಿ ಹೊಡೆಯುವವರಿಗೆ ಸರಿಯಾದ ಆಯ್ಕೆ.

ಆ 'ಸ್ವಲ್ಪ' ಎಷ್ಟು ಎಂಬುದನ್ನು ಅಳೆಯಲು ಈಗ ಡಾನ್ ಮಿಲ್ಲರ್ ಅವರ ಸೂತ್ರವನ್ನು ಬಳಸುತ್ತಾರೆ. ಅದು ಕೊಡುವ ಸ್ಥಿರತೆಯ ಅಂಕಿ 1ಕ್ಕಿಂತ ಕೆಳಗಿದ್ದರೆ ಗುಂಡು ಪಲ್ಟಿ ಹೊಡೆಯುತ್ತದೆ; 1.4ರ ಆಸುಪಾಸಿನಿಂದ 2ರ ಒಳಗೆ ಇರುವುದು ಗುರಿ ಹೊಡೆಯಲು ಒಪ್ಪುವ ವ್ಯಾಪ್ತಿ. ಮೇಲೆ ಹೇಳಿದ ಪಾಯಿಂಟ್ 22 ಗುಂಡಿಗೆ, ಸೆಕೆಂಡಿಗೆ ಸುಮಾರು 327 ಮೀಟರ್ ವೇಗದಲ್ಲಿ, 16 ಇಂಚಿನ ಟ್ವಿಸ್ಟಿನಲ್ಲಿ ಈ ಅಂಕಿ 1.4ರಷ್ಟೇ ಬರುತ್ತದೆ.

ಗಾಳಿ ದಟ್ಟವಾದಷ್ಟೂ ಈ ಅಂಕಿ ಇಳಿಯುತ್ತದೆ ಎಂಬುದನ್ನು ನಮ್ಮ ಊರಿನವರು ನೆನಪಿಡಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮುಂಬೈಯ ವರಳಿ ರೇಂಜಿನ ಗಾಳಿಗಿಂತ ಸುಮಾರು ಶೇಕಡ 5ರಷ್ಟು ತೆಳು. ಏಪ್ರಿಲ್ ತಿಂಗಳ 32 ಡಿಗ್ರಿಯ ಗಾಳಿಗಿಂತ ದೆಹಲಿಯ ತುಘಲಕಾಬಾದಿನ ರೇಂಜಿನಲ್ಲಿ ಚಳಿಗಾಲದ ಬೆಳಗಿನ 8 ಡಿಗ್ರಿಯ ಗಾಳಿ ಶೇಕಡ 8ರಷ್ಟು ದಟ್ಟವಾಗಿರುತ್ತದೆ. ಪಾಯಿಂಟ್ 22ಕ್ಕೆ ಈ ವ್ಯತ್ಯಾಸದಿಂದ ತೊಂದರೆಯಾಗದು. ಆದರೆ ಅಂಚಿನಲ್ಲಿರುವ ಟ್ವಿಸ್ಟಿಗೆ ಚಳಿ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಸೇನೆಯ ರೈಫಲೊಂದು ಸಾಕ್ಷಿಯಾಗಿದೆ: 1960ರ ದಶಕದ ಆರಂಭದಲ್ಲಿ ಎಂ-16ರ ಮೂಲ ಮಾದರಿಗೆ 14 ಇಂಚಿನ ಟ್ವಿಸ್ಟ್ ಇತ್ತು, ಕಡು ಚಳಿಯ ಪರೀಕ್ಷೆಯಲ್ಲಿ ಗುಂಡುಗಳು ತೂರಾಡಿದ್ದರಿಂದ ಅದನ್ನು 12 ಇಂಚಿಗೆ ಬದಲಿಸಬೇಕಾಯಿತು.

ದೊಡ್ಡ ಕ್ಯಾಲಿಬರಿನ, ಅಂದರೆ ಹೆಚ್ಚು ಮದ್ದಿನ ದೊಡ್ಡ ಕಾಡತೂಸಿನ, 300 ಮೀಟರಿನ ಸ್ಪರ್ಧೆಗೆ ಹೋಗುವವರಿಗೆ ಮಾತ್ರ ಟ್ವಿಸ್ಟ್ ನಿಜವಾದ ಆಯ್ಕೆಯಾಗುತ್ತದೆ. ಪಾಯಿಂಟ್ 308ರಲ್ಲಿ 168 ಗ್ರೇನಿನ ಗುಂಡಿಗೆ 12 ಇಂಚಿನ ಟ್ವಿಸ್ಟ್ ಸಾಕು, ಇನ್ನೂ ಉದ್ದದ 175 ಗ್ರೇನಿನದಕ್ಕೆ 11 ಅಥವಾ 10 ಇಂಚು ಒಳ್ಳೆಯದು. 6 ಮಿ.ಮೀ. ಬಿ.ಆರ್. ನಾರ್ಮಾ ಎಂಬ ಕಾಡತೂಸಿನಲ್ಲಿ 105 ರಿಂದ 107 ಗ್ರೇನಿನ ಉದ್ದನೆಯ ಗುಂಡುಗಳಿಗೆ 8 ಇಂಚು ಬೇಕು. ಪಾಯಿಂಟ್ 223ರಲ್ಲಿ 55 ಗ್ರೇನಿಗೆ 12 ಇಂಚು, 69 ಗ್ರೇನಿಗೆ 9 ಇಂಚು, 80 ಗ್ರೇನಿಗೆ 8 ಅಥವಾ 7 ಇಂಚು ಎಂಬುದು ವಾಡಿಕೆ. ಏರ್ ರೈಫಲಿನ ಸೊಂಟ ಸಣ್ಣದಾದ ಪೆಲೆಟ್ಟು ಬಹುಮಟ್ಟಿಗೆ ತನ್ನ ಹಿಂದಿನ ಲಂಗದ ಗಾಳಿತಡೆಯಿಂದಲೇ ನೆಟ್ಟಗೆ ಹಾರುವುದರಿಂದ ಅಲ್ಲಿ ಟ್ವಿಸ್ಟನ್ನು ಆರಿಸುವ ಪ್ರಶ್ನೆ ಏಳುವುದಿಲ್ಲ.

ಟ್ವಿಸ್ಟನ್ನು ಕೈಯಾರೆ ಅಳೆಯುವುದು

ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಕಾಗದದಲ್ಲಿ ಬರೆದದ್ದನ್ನು ನಂಬಿ ಕೂರಬಾರದು. ಬ್ಯಾರೆಲ್ ಹಿಂದೊಮ್ಮೆ ಬದಲಾಗಿರಬಹುದು. ಅಳತೆಗೆ ಐದು ನಿಮಿಷ ಸಾಕು. ಮೊದಲು ಬ್ಯಾರೆಲ್ಲಿನ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಪೂರ್ತಿ ಹೊರತೆಗೆದು, ಚೇಂಬರಿನಲ್ಲಿ (ಕಾಡತೂಸು ಕೂರುವ ಜಾಗದಲ್ಲಿ) ಕಾಡತೂಸು ಇಲ್ಲವೆಂದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ಖಚಿತಪಡಿಸಿಕೊಳ್ಳಬೇಕು. ರೈಫಲನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ಇಟ್ಟು, ಹಿಡಿಯಲ್ಲಿ ಬೇರಿಂಗ್ ಇರುವ, ಅಂದರೆ ತಾನಾಗಿ ತಿರುಗಬಲ್ಲ ಕ್ಲೀನಿಂಗ್ ರಾಡನ್ನು ತೆಗೆದುಕೊಳ್ಳಬೇಕು. ಅದರ ತುದಿಗೆ ಬಟ್ಟೆಯ ಪ್ಯಾಚನ್ನು, ತಳ್ಳುವಾಗ ಸುರುಳಿ ಗೆರೆಗಳನ್ನು ಕಚ್ಚಿಕೊಳ್ಳುವಷ್ಟು ಬಿಗಿಯಾಗಿ ಸುತ್ತಿ, ಹಿಂಬದಿಯಿಂದ ನಾಲ್ಕೈದು ಇಂಚು ಒಳಕ್ಕೆ ತಳ್ಳಬೇಕು. ಈಗ ರಾಡಿನ ಮೇಲ್ಮೈಯಲ್ಲಿ, ಆಕಾಶಕ್ಕೆ ಮುಖ ಮಾಡಿದ ಕಡೆ, ಮಾರ್ಕರಿನಿಂದ ಒಂದು ಗೆರೆ ಎಳೆದು, ರಿಸೀವರಿನ, ಅಂದರೆ ಬೋಲ್ಟ್ ಕೂರುವ ಚೌಕಟ್ಟಿನ, ಹಿಂಬದಿ ಅಂಚಿಗೆ ಸರಿಯಾಗಿ ರಾಡಿಗೆ ಟೇಪಿನ ತುಂಡು ಅಂಟಿಸಬೇಕು. ನಿಧಾನವಾಗಿ, ಒಂದೇ ಸಮನಾಗಿ ತಳ್ಳುತ್ತಾ ಹೋದರೆ ಗೆರೆ ಪಕ್ಕಕ್ಕೆ ಇಳಿದು, ಕೆಳಗೆ ಮರೆಯಾಗಿ, ಮತ್ತೊಂದು ಬದಿಯಿಂದ ಏರಿ ಮೇಲಕ್ಕೆ ಬರುತ್ತದೆ. ಅದು ಮತ್ತೆ ನೆತ್ತಿಗೆ ಬಂದ ಕ್ಷಣ ನಿಲ್ಲಿಸಿ, ರಿಸೀವರಿನ ಅಂಚಿಗೆ ಇನ್ನೊಂದು ಟೇಪು ಅಂಟಿಸಿ, ಎರಡು ಟೇಪುಗಳ ನಡುವಿನ ಅಂತರವನ್ನು ಅಳೆದರೆ ಅದೇ ಟ್ವಿಸ್ಟ್. ಸುಮಾರು 406 ಮಿ.ಮೀ. ಬಂದರೆ 16 ಇಂಚು. ಪ್ಯಾಚ್ ಸಡಿಲವಾಗಿದ್ದರೆ ರಾಡು ಜಾರಿ ಅಳತೆ ಹೆಚ್ಚಾಗಿ ಬರುತ್ತದೆ. ಮೂರು ಬಾರಿ ಅಳೆದು ಮೂರೂ ಹೊಂದಿಕೊಂಡರೆ ಮಾತ್ರ ಒಪ್ಪಬೇಕು.

ಇದೇ ಹೊತ್ತಿನಲ್ಲಿ ಕೈಗೆ ಇನ್ನೊಂದು ಸಂಗತಿ ತಿಳಿಯುತ್ತದೆ. ಬಿಗಿಯಾದ ಪ್ಯಾಚ್ ಬ್ಯಾರೆಲ್ಲಿನ ಉದ್ದಕ್ಕೂ ಒಂದೇ ತೆರನಾದ ತಡೆ ಕೊಡಬೇಕು. ನಡುವೆ ಎಲ್ಲಾದರೂ ಸಡಿಲಾದರೆ ಅಲ್ಲಿ ಸವೆತ ಅಥವಾ ಉಬ್ಬು ಇದೆ ಎಂದರ್ಥ. ಬಾಯಿಯ ಹತ್ತಿರ ತುಸು ಬಿಗಿಯಾದರೆ ಅದು ಒಳ್ಳೆಯ ಲಕ್ಷಣ.

ಉದ್ದದ ವಿಚಾರ

ಉದ್ದ ಬ್ಯಾರೆಲ್ ಎಂದರೆ ಹೆಚ್ಚು ವೇಗ, ಹೆಚ್ಚು ವೇಗ ಎಂದರೆ ಹೆಚ್ಚು ನಿಖರತೆ ಎಂಬ ನಂಬಿಕೆ ಬಹಳ ಆಳವಾಗಿ ಬೇರೂರಿದೆ. ನನ್ನ ಮೊದಲ ರೈಫಲನ್ನು ಮಾರಿದ ವ್ಯಾಪಾರಿಯೂ ನನಗೆ ಇದನ್ನೇ ಹೇಳಿದ್ದರು. ದೊಡ್ಡ ಕ್ಯಾಲಿಬರಿನ ರೈಫಲುಗಳಲ್ಲಿ ಪ್ರತಿ ಇಂಚಿಗೆ ಸೆಕೆಂಡಿಗೆ ಸುಮಾರು 20 ರಿಂದ 30 ಅಡಿ ವೇಗ ಏರುವುದು ನಿಜ. ಪಾಯಿಂಟ್ 22ರಲ್ಲಿ ಮದ್ದು ತೀರ ಕಡಿಮೆ ಇರುವುದರಿಂದ 16 ರಿಂದ 19 ಇಂಚಿನೊಳಗೆ ಅದರ ಒತ್ತಡ ಕೊಡಬೇಕಾದ ವೇಗವನ್ನೆಲ್ಲ ಕೊಟ್ಟು ಮುಗಿಸಿರುತ್ತದೆ. ಆಮೇಲಿನ ಉದ್ದದಲ್ಲಿ ಗುಂಡು ಉಜ್ಜಾಟಕ್ಕೆ ಸಿಕ್ಕಿ ಒಂದಿಷ್ಟು ನಿಧಾನವೇ ಆಗುತ್ತದೆ. ಅಲ್ಲದೆ ಪಾಯಿಂಟ್ 22ರ ಗುರಿ ಕಾಡತೂಸುಗಳನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಶಬ್ದದ ವೇಗ 32 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 351 ಮೀಟರ್, 8 ಡಿಗ್ರಿಯಲ್ಲಿ ಸುಮಾರು 336 ಮೀಟರ್. ಸೆಕೆಂಡಿಗೆ 380 ಮೀಟರಿನ 'ಹೈ ವೆಲಾಸಿಟಿ' ಗುಂಡು ದಾರಿಯಲ್ಲಿ ಶಬ್ದದ ವೇಗವನ್ನು ದಾಟಿ ಇಳಿಯುವಾಗ ಕದಲುತ್ತದೆ, ಗಾಳಿಗೂ ಹೆಚ್ಚು ಸರಿಯುತ್ತದೆ. ಹೀಗಾಗಿ 50 ಮೀಟರಿನ ರೈಫಲಿನಲ್ಲಿ ವೇಗದ ಕಾರಣಕ್ಕೆ ಉದ್ದವನ್ನು ಆರಿಸಲೇಬಾರದು.

ಹಾಗಾದರೆ ಉದ್ದ ಏಕೆ ಮುಖ್ಯ? ಬ್ಯಾರೆಲ್ಲಿನ ಬಿಗುವು, ಅಂದರೆ ಬಾಗದೆ ನಡುಗದೆ ನಿಲ್ಲುವ ಗುಣ, ಮೊದಲ ಕಾರಣ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿರುವ, ವಿಜಯಪುರದ ಕಡೆಯ ಒಬ್ಬ ತಂದೆಗೆ ನಾನು ಇದನ್ನು ಲೆಕ್ಕ ಹಾಕಿ ವಿವರಿಸಲು ಹೊರಟಾಗ ಅವರು ನಡುವೆಯೇ ತಡೆದು, "ಸರ, ಇದು ನಮ್ಮ ಬೋರಿಂಗ್ ಬಾರಿನ ಲೆಕ್ಕಾನ ಐತಿ. ಬಾರು ಒಂದ್ ಇಂಚು ಜಾಸ್ತಿ ಹೊರಗ ಬಂತಂದ್ರ ಸಾಕ್ರಿ, ಚಾಟರ್ ಹೊಡಿಯಾಕ ಚಾಲೂ ಮಾಡ್ತೈತಿ" ಎಂದರು. ಬೋರಿಂಗ್ ಬಾರು ಎಂದರೆ ತೂತಿನ ಒಳಮೈ ಕೊರೆಯುವ ಸರಳು, ಚಾಟರ್ ಎಂದರೆ ಅದರ ನಡುಕ. ನಾನು ಹೇಳಬೇಕಾಗಿದ್ದ ಮಾತನ್ನು ಅವರು ನನಗಿಂತ ಸ್ಪಷ್ಟವಾಗಿ ಹೇಳಿದರು. ಒಂದು ತುದಿಯಲ್ಲಿ ಮಾತ್ರ ಬಿಗಿದ ಸರಳಿನ ಬಿಗುವು ಉದ್ದದ ಘನಕ್ಕೆ ವಿಲೋಮವಾಗಿಯೂ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿಯೂ ಇರುತ್ತದೆ. 27 ಇಂಚಿನ ಬ್ಯಾರೆಲ್ಲಿನ ಬದಲು ಅದೇ ದಪ್ಪದ 24 ಇಂಚಿನದನ್ನು ತೆಗೆದುಕೊಂಡರೆ ಬಿಗುವು ಸುಮಾರು ಶೇಕಡ 42ರಷ್ಟು ಹೆಚ್ಚುತ್ತದೆ. ಅಷ್ಟೇ ಬಿಗುವನ್ನು ಉದ್ದ ಕಡಿಮೆ ಮಾಡದೆ ಪಡೆಯಬೇಕಾದರೆ 22 ಮಿ.ಮೀ. ದಪ್ಪದ ಬ್ಯಾರೆಲ್ಲನ್ನು 24 ಮಿ.ಮೀ. ಮಾಡಬೇಕಾಗುತ್ತದೆ, ಆಗ ತೂಕ ಶೇಕಡ 20ರಷ್ಟು ಏರುತ್ತದೆ. ಮೊದಲ ದಾರಿಯಲ್ಲಿ ತೂಕ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ.

ಎರಡನೆಯ ಕಾರಣ ಸಮತೋಲನ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. 23 ಮಿ.ಮೀ. ದಪ್ಪದ ಉಕ್ಕಿನ ಬ್ಯಾರೆಲ್ಲಿನ 10 ಸೆಂ.ಮೀ. ತುಂಡು ಸುಮಾರು 300 ಗ್ರಾಂ ತೂಗುತ್ತದೆ. ಆ 300 ಗ್ರಾಂ ಹೊಡೆಯುವವರ ಕೈಯಿಂದ ಬಹಳ ಮುಂದೆ, ರೈಫಲಿನ ತುದಿಯಲ್ಲಿ ತೂಗುತ್ತಿರುತ್ತದೆ. ನಿಂತು ಹೊಡೆಯುವಾಗ ಮುಂಭಾರ ತಕ್ಕಮಟ್ಟಿಗೆ ಇದ್ದರೆ ತುದಿಯ ಅಲುಗಾಟ ನಿಧಾನವಾಗುತ್ತದೆ, ಇದು ಅನುಕೂಲ. ಮಿತಿ ಮೀರಿದರೆ ಸೊಂಟ ಹಿಂದಕ್ಕೆ ಬಾಗುತ್ತದೆ. ಮೂರು ನಾಲ್ಕು ಸರಣಿಯಾದ ಮೇಲೆ ಬೆನ್ನು ಸೋತು ಗುಂಡುಗಳು ಕೆಳಗೆ ಬೀಳತೊಡಗುತ್ತವೆ. ಹದಿನೈದು ವರ್ಷದ ಸಣಕಲು ಹುಡುಗಿಗೆ 27 ಇಂಚಿನ ದಪ್ಪ ಬ್ಯಾರೆಲ್ಲಿನ ರೈಫಲ್ ಕೊಡಿಸಿ, 'ಬೆಳೆದ ಮೇಲೆ ಸರಿಹೋಗುತ್ತದೆ' ಎಂದು ಕಾಯುವುದನ್ನು ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಅವಳ ನಿಲುವೇ ಕೆಟ್ಟುಹೋಗಿರುತ್ತದೆ. ಪುರುಷರ 50 ಮೀಟರ್ ರೈಫಲಿಗೆ ಅಂತರರಾಷ್ಟ್ರೀಯ ನಿಯಮ ಇಟ್ಟಿರುವ ಮಿತಿ ಎಲ್ಲ ಜೋಡಣೆಗಳೂ ಸೇರಿ 8 ಕಿಲೊ. ಉದ್ದ ಬ್ಯಾರೆಲ್ಲಿಗೆ ತೂಕವನ್ನೆಲ್ಲ ಖರ್ಚು ಮಾಡಿದವರಿಗೆ, ಹಿಂಬದಿಯಲ್ಲಿ ಸಮತೂಕಕ್ಕೆ ಇಡಲು ಗ್ರಾಮುಗಳೇ ಉಳಿಯುವುದಿಲ್ಲ.

ಮೂರನೆಯದು, ಗುರಿ ಹಿಡಿಯಲು ರೈಫಲಿನ ಹಿಂದೆ ಒಂದು, ಮುಂದೆ ಒಂದು ಇರುವ ಸೈಟುಗಳ ನಡುವಿನ ಅಂತರ. ಮುಂದಿನ ಸೈಟಿನಲ್ಲಿ 0.1 ಮಿ.ಮೀ. ತಪ್ಪಾದರೆ, ಎರಡು ಸೈಟುಗಳ ಅಂತರ 800 ಮಿ.ಮೀ. ಇದ್ದಾಗ 50 ಮೀಟರಿನಲ್ಲಿ ಗುಂಡು 6.25 ಮಿ.ಮೀ. ಸರಿಯುತ್ತದೆ, ಅಂತರ 950 ಮಿ.ಮೀ. ಇದ್ದರೆ 5.26 ಮಿ.ಮೀ. ಸರಿಯುತ್ತದೆ. ಈ ಗುರಿಯಲ್ಲಿ ಪ್ರತಿ ದಶಾಂಶ ಅಂಕಕ್ಕೆ (ಒಂದು ಅಂಕದ ಹತ್ತರಲ್ಲಿ ಒಂದು ಪಾಲಿಗೆ) 0.8 ಮಿ.ಮೀ. ಎಂಬುದರಿಂದ, ಅದೇ ತಪ್ಪಿಗೆ ಒಂದು ದಶಾಂಶಕ್ಕಿಂತ ಹೆಚ್ಚು ಉಳಿತಾಯ. ನಲವತ್ತು ದಾಟಿದ ಕಣ್ಣಿಗೆ ಮುಂದಿನ ಸೈಟು ದೂರವಾದಷ್ಟೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದೂ ಒಂದು ಲಾಭ. ಆದರೆ ಈ ಅಂತರಕ್ಕಾಗಿ ಉಕ್ಕಿನ ಬ್ಯಾರೆಲ್ಲನ್ನೇ ಉದ್ದ ಮಾಡಬೇಕಿಲ್ಲ. ಬ್ಯಾರೆಲ್ಲಿನ ಬಾಯಿಗೆ ಹಗುರವಾದ ಅಲ್ಯೂಮಿನಿಯಂ ಕೊಳವೆಯನ್ನು ಕೂರಿಸಿ ಮುಂದಿನ ಸೈಟನ್ನು ಅದರ ಮೇಲೆ ಇಡುತ್ತಾರೆ. ಇದನ್ನು ರೇಂಜಿನಲ್ಲಿ ಎಕ್ಸ್‌ಟೆನ್ಷನ್ ಟ್ಯೂಬ್ ಎನ್ನುತ್ತಾರೆ. ಅಷ್ಟೇ ಉದ್ದದ ಉಕ್ಕಿನ ಕಾಲುಭಾಗದಷ್ಟೂ ಅದರ ತೂಕ ಇರುವುದಿಲ್ಲ. ಕೊಳವೆ ಹಾಕಿದ ಮೇಲೆ ಮುಂದಿನ ಸೈಟಿನ ಉಂಗುರ ಚಿಕ್ಕದಾಗಿ ಕಾಣುವುದರಿಂದ ಒಂದೆರಡು ಹಂತ ದೊಡ್ಡ ಉಂಗುರ ಬದಲಿಸಿಕೊಳ್ಳಬೇಕು.

ಗುಂಡು ಬೇಗ ಹೊರಬರುತ್ತದೆ ಎಂಬ ಕಾರಣವನ್ನೂ ಕೆಲವರು ಕೊಡುತ್ತಾರೆ. 3 ಇಂಚು ಕಡಿಮೆಯಾದರೆ ಉಳಿಯುವ ಸಮಯ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನ ಕಾಲುಭಾಗ. ಅಷ್ಟು ಹೊತ್ತಿನಲ್ಲಿ ಕೈಯ ಅಲುಗಾಟದಿಂದ ಗುರಿ ತಪ್ಪುವುದು ಒಂದು ಹಾಳೆಯ ದಪ್ಪಕ್ಕಿಂತಲೂ ಕಡಿಮೆ. ಇದಕ್ಕೆ ಮಹತ್ವ ಕೊಡಬೇಕಿಲ್ಲ.

ಇದೆಲ್ಲವನ್ನೂ ತೂಗಿ ನೋಡಿದರೆ, ಹೊಸದಾಗಿ 50 ಮೀಟರಿಗೆ ಬರುವ ಹದಿಹರೆಯದವರಿಗೆ 22 ರಿಂದ 24 ಇಂಚಿನ ಬ್ಯಾರೆಲ್ ಮತ್ತು ಕೊಳವೆ, ತುಂಬಿದ ಮೈಕಟ್ಟಿನ ವಯಸ್ಕರಿಗೆ, ಅದರಲ್ಲೂ ಮಲಗಿ ಹೊಡೆಯುವುದನ್ನೇ ಮುಖ್ಯವಾಗಿ ಇಟ್ಟುಕೊಂಡವರಿಗೆ, 26 ರಿಂದ 27 ಇಂಚು ಎಂಬುದು ನನ್ನ ಸಲಹೆ. ಆದರೂ ಸಲಹೆಗಿಂತ ಪರೀಕ್ಷೆ ಮೇಲು. ಗೆಳೆಯರೊಬ್ಬರ ಚಿಕ್ಕ ಬ್ಯಾರೆಲ್ಲಿನ ರೈಫಲನ್ನು ರೇಂಜಿನಲ್ಲಿ, ಅವರ ಎದುರಿನಲ್ಲೇ ಕೇಳಿ ಪಡೆದು, ಬ್ಯಾರೆಲ್ಲಿನ ತುದಿಗೆ 100 ಗ್ರಾಮಿನ ಸೀಸದ ಪಟ್ಟಿಯನ್ನು ಟೇಪಿನಿಂದ ಸುತ್ತಿ, ಗುಂಡಿಲ್ಲದೆ ಹತ್ತು ನಿಮಿಷ ನಿಂತು ಗುರಿ ಹಿಡಿಯಬೇಕು. ಆಮೇಲೆ 200, ಆಮೇಲೆ 300 ಗ್ರಾಂ. ಗುರಿ ಹಿಡಿದಾಗಿನ ಅಲುಗಾಟವನ್ನು ದಾಖಲಿಸುವ ಸ್ಕ್ಯಾಟ್ ಯಂತ್ರ ಇದ್ದರೆ ಪ್ರತಿ ಹಂತದ ಅಲುಗಾಟದ ಚಿತ್ರ ಉಳಿಸಿಕೊಳ್ಳಬೇಕು. ಮೊದಲ ನಿಮಿಷದ ಚಿತ್ರ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನೋಡಬೇಕಾದದ್ದು ಎಂಟನೆಯ, ಒಂಬತ್ತನೆಯ ನಿಮಿಷದ್ದು. ಯಾವ ತೂಕದಲ್ಲಿ ಆ ಚಿತ್ರ ಹರಡಲು ಆರಂಭಿಸುತ್ತದೋ ಅದಕ್ಕಿಂತ ಒಂದು ಹಂತ ಕಡಿಮೆ ಇರುವುದೇ ಆ ವ್ಯಕ್ತಿಯ ಮುಂಭಾರದ ಮಿತಿ. ಪ್ರತಿ 100 ಗ್ರಾಂ ಸುಮಾರು 3 ಸೆಂ.ಮೀ. ಉಕ್ಕು ಎಂದು ಲೆಕ್ಕ ಹಾಕಿ ಉದ್ದವನ್ನು ಗೊತ್ತುಮಾಡಿಕೊಳ್ಳಬಹುದು.

ಉದ್ದ ಅಳೆಯುವಾಗ ಮುಚ್ಚಿದ ಬೋಲ್ಟಿನ ಮುಖದಿಂದ ಬ್ಯಾರೆಲ್ಲಿನ ಬಾಯಿಯವರೆಗೆ ಅಳೆಯಬೇಕು. ಕೊಳವೆಯ ಉದ್ದ ಇದರಲ್ಲಿ ಸೇರುವುದಿಲ್ಲ. ಮಾರುವವರು ಕೆಲವೊಮ್ಮೆ ಕೊಳವೆಯನ್ನೂ ಸೇರಿಸಿ ಹೇಳುವುದರಿಂದ ಸ್ಪಷ್ಟವಾಗಿ ಕೇಳಿ ತಿಳಿಯಬೇಕು.

ಉದ್ದ ಹೆಚ್ಚಾಯಿತೆಂದು ಇದ್ದ ಬ್ಯಾರೆಲ್ಲನ್ನೇ ಕತ್ತರಿಸಲು ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಳ್ಳೆಯ ಪಾಯಿಂಟ್ 22 ಬ್ಯಾರೆಲ್ಲುಗಳು ಅನೇಕ ವೇಳೆ ಬಾಯಿಯ ಹತ್ತಿರ ತುಸು ಬಿಗಿಯಾಗಿರುತ್ತವೆ. ಗುಂಡನ್ನು ಕೊನೆಯ ಕ್ಷಣದವರೆಗೆ ಹಿಡಿದಿಡುವ ಆ ಬಿಗುವೇ ಅವುಗಳ ಸತ್ವ. ಕತ್ತರಿಸಿದರೆ ಮೊದಲು ಹೋಗುವುದು ಅದೇ. ಜೊತೆಗೆ ಬಾಯಿಯ ಅಂಚು ಬ್ಯಾರೆಲ್ಲಿನ ಅಕ್ಷಕ್ಕೆ ಸರಿಯಾಗಿ ಲಂಬವಾಗಿ ಇಲ್ಲದಿದ್ದರೆ, ಹೊರಬರುವ ಅನಿಲ ಗುಂಡಿನ ಒಂದು ಬದಿಗೆ ಮೊದಲು ನುಗ್ಗಿ ಅದನ್ನು ಓರೆ ಮಾಡುತ್ತದೆ.

ಆರಿಸಿದ ಮೇಲೆ

ಬ್ಯಾರೆಲ್ ಬಂದ ಮೇಲೆ ಅದಕ್ಕೆ ಒಪ್ಪುವ ಕಾಡತೂಸಿನ ಲಾಟನ್ನು, ಅಂದರೆ ಒಂದೇ ಬಾರಿಗೆ ತಯಾರಾದ ಕಂತನ್ನು, ಹುಡುಕುವುದು ಉಳಿದ ಕೆಲಸ. ಒಂದೇ ಹೆಸರಿನ, ಒಂದೇ ಬೆಲೆಯ ಡಬ್ಬಿಗಳಲ್ಲಿಯೂ ಲಾಟಿನಿಂದ ಲಾಟಿಗೆ ವ್ಯತ್ಯಾಸ ಇರುತ್ತದೆ, ಮತ್ತು ಒಂದು ಬ್ಯಾರೆಲ್ಲಿಗೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪಲೇಬೇಕೆಂದಿಲ್ಲ. ರೈಫಲನ್ನು ಆಸರೆಯ ಮೇಲೆ ಬಿಗಿದು, ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ, ಪ್ರತಿ ಲಾಟಿನಿಂದ ಹತ್ತು ಗುಂಡುಗಳ ನಾಲ್ಕು ಗ್ರೂಪುಗಳನ್ನಾದರೂ ಹೊಡೆಯಬೇಕು. 50 ಮೀಟರಿನ ಗುರಿಯಲ್ಲಿ ಗುಂಡಿನ ಮಧ್ಯಬಿಂದು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಇದ್ದರೆ ಹತ್ತು ಸಿಗುತ್ತದೆ. ಆದ್ದರಿಂದ ಅತಿ ದೂರದ ಎರಡು ತೂತುಗಳ ನಡುವಿನ ಅಂತರ, ನಡುವಿನಿಂದ ನಡುವಿಗೆ ಅಳೆದಾಗ, 16 ಮಿ.ಮೀ. ದಾಟುವ ಲಾಟನ್ನು ಸ್ಪರ್ಧೆಗೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಬಲಸುತ್ತಿನ ಬ್ಯಾರೆಲ್ಲಿನಲ್ಲಿ ಬಲದಿಂದ ಬೀಸುವ ಗಾಳಿ ಗುಂಡನ್ನು ಎಡಕ್ಕೂ ತುಸು ಮೇಲಕ್ಕೂ, ಎಡದಿಂದ ಬೀಸುವ ಗಾಳಿ ಬಲಕ್ಕೂ ತುಸು ಕೆಳಕ್ಕೂ ಒಯ್ಯುತ್ತದೆ. ಗ್ರೂಪ್ ಓರೆಯಾಗಿ ಹರಡಿದ್ದರೆ ಲಾಟನ್ನು ದೂರುವ ಮೊದಲು ಗಾಳಿಯ ಬಾವುಟ ನೋಡಬೇಕು.

ಮುಂಬೈಯಲ್ಲಿ, ವಿಶೇಷವಾಗಿ ಕಡಲಿನ ಪಕ್ಕದ ವರಳಿಯಲ್ಲಿ ಅಭ್ಯಾಸ ಮಾಡುವವರು ಆಯ್ಕೆ ಇದ್ದರೆ ಸ್ಟೇನ್‌ಲೆಸ್ ಉಕ್ಕಿನ ಬ್ಯಾರೆಲ್ಲನ್ನೇ ತೆಗೆದುಕೊಳ್ಳಬೇಕು; ಉಪ್ಪಿನ ಗಾಳಿ ಕಪ್ಪು ಉಕ್ಕಿನ ಚೇಂಬರಿಗೆ ಮಳೆಗಾಲದಲ್ಲಿ ತುಕ್ಕು ಹಿಡಿಸಲು ಹೆಚ್ಚು ದಿನ ಬೇಕಿಲ್ಲ. ಬ್ಯಾರೆಲ್ಲೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುವ ಬಿಡಿಭಾಗ. ಆರ್ಡರ್ ಕೊಡುವ ಮೊದಲೇ ಪರವಾನಗಿಯ ವಿಷಯವನ್ನು ರಾಜ್ಯ ರೈಫಲ್ ಸಂಘದ ಕಚೇರಿಯಲ್ಲಿ ವಿಚಾರಿಸಿ, ಜೋಡಣೆಯನ್ನು ಪರವಾನಗಿ ಪಡೆದ ಗನ್‌ಸ್ಮಿತ್‌ನಿಂದಲೇ ಮಾಡಿಸಿ, ಹಳೆಯ ಬ್ಯಾರೆಲ್ಲನ್ನು ಏನು ಮಾಡಲಾಯಿತೆಂಬ ಕಾಗದವನ್ನೂ ಅವರಿಂದ ಬರೆಸಿಕೊಳ್ಳಬೇಕು.